ಕಣ್ಣಲ್ಲಿ ಎಣ್ಣೆ

ಬ್ರೋಕನ್ ಹಿಲ್‌ನಲ್ಲಿ ಬೀದಿಗಳಿಗೆಲ್ಲ ರಸಾಯನದ ಹೆಸರು.
ಕ್ಲೋರೈಡ್ ಬೀದಿಯಲ್ಲಿ ಮನೆ, ಆಕ್ಸೈಡ್ ಬೀದಿಯಲ್ಲಿ ನನ್ನ ಔಷಧಿ ಅಂಗಡಿ,
ನಡುವೆ ಕೆಂಪು ಧೂಳು.

ಮುಟ್ಟು ನಿಂತು ಹದಿನಾಲ್ಕು ತಿಂಗಳು.
ಬೆವರಿಗೆ ತಯಾರಿದ್ದೆ, ನಿದ್ದೆಗೆಡುವುದಕ್ಕೂ.
ಕಣ್ಣಿನ ಬಗ್ಗೆ ಯಾರೂ ಹೇಳಿರಲಿಲ್ಲ.
ಹೇಳಬೇಕಾದವಳು ನಾನೇ ಅಲ್ಲವೇ, ಬಿಳಿ ಕೋಟು ಹಾಕಿಕೊಂಡು?

ಮಧ್ಯಾಹ್ನ ಮೂರಾದರೆ ರೆಪ್ಪೆಯೊಳಗೆ
ಯಾರೋ ಜೋಳ ಬೀಸಿದ ಹಾಗೆ.
ಆಮೇಲೆ ನೀರು, ಬಳಬಳ.
ಗಣಿಯಲ್ಲಿ ಮೂವತ್ತು ವರ್ಷ ದುಡಿದ ಟೆರ್ರಿ
ಬಿಪಿ ಮಾತ್ರೆ ಕೈಯಲ್ಲೇ ಹಿಡಿದು ಕೇಳುತ್ತಾನೆ:
ಯಾರು ತೀರಿಕೊಂಡರು, ವಿಜ್?
ಯಾರೂ ಇಲ್ಲ, ಟೆರ್ರಿ. ನಿನ್ನ ಬಿಲ್ಲು ಹನ್ನೊಂದು ಡಾಲರ್.

ಅಕ್ಕ ಹೋದ ಸುದ್ದಿ ಬಂದ ರಾತ್ರಿ ಮಾತ್ರ
ಒಂದು ಹನಿಯೂ ಇರಲಿಲ್ಲ.
ಫೋನಿನ ಬೆಳಕಿಗೆ ಕಣ್ಣು ಉರಿಯಿತು, ಅಷ್ಟೆ.
ವಿಜಯಮಾಲಾ ಕಲ್ಲಾಗಿದ್ದಾಳೆ
ಅಂದುಕೊಂಡಿರಬೇಕು ಆ ಕಡೆ ಕೂತ ಭಾವ.

ತಿಂಗಳಿಗೊಮ್ಮೆ ಅಡಿಲೇಡ್‌ನಿಂದ ಬರುವ ಕಣ್ಣಿನ ತಜ್ಞೆ ಮೌರೀನ್
ನನ್ನ ಗದ್ದವನ್ನು ಯಂತ್ರಕ್ಕೊರಗಿಸಿ
ಕೆಳರೆಪ್ಪೆ ಒತ್ತಿ ನೋಡಿದಳು.
ನೀರಿದೆ, ಎಂದಳು, ನೀರಿನ ಮೇಲೆ ಹರಡಬೇಕಾದ ಎಣ್ಣೆ ಇಲ್ಲ.
ರೆಪ್ಪೆಯಂಚಿನ ಪುಟಾಣಿ ಗಾಣಗಳು ಕಟ್ಟಿಕೊಂಡಿವೆ.
ಎಣ್ಣೆಯಿಲ್ಲದ ನೀರು ಗಾಳಿಗೆ ಆರುತ್ತದೆ,
ಆರಿದ ಕಣ್ಣು ಉರಿಯುತ್ತದೆ,
ಉರಿದದ್ದಕ್ಕೆ ಮತ್ತೆ ನೀರು.

ನಗು ಬಂತು. ಹೇಗೆ ಹೇಳಲಿ ಅವಳಿಗೆ,
ನಮ್ಮಲ್ಲಿ ಕಾಯುವವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡೇ ಕಾಯುವುದು?
ರಾತ್ರಿ ಪಾಳಿಯ ಗಂಡನಿಗೆ, ಮಗಳ ಜ್ವರ ಇಳಿಯಲಿಕ್ಕೆ,
ವೀಸಾಕ್ಕೆ,
ಅಕ್ಕನ ಸ್ಕ್ಯಾನ್ ವರದಿಗೆ, ಎರಡು ಸಲ.
ಮೌರೀನ್, ಲೆಕ್ಕ ಸರಿಯಾಗೇ ಇದೆ. ಖರ್ಚಾಗಿದೆ ಎಣ್ಣೆ.

ಈಗ ಮಲಗುವ ಮುಂಚೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ,
ಹತ್ತು ನಿಮಿಷ, ಮುಚ್ಚಿದ ಕಣ್ಣ ಮೇಲೆ.
ತಣ್ಣಗಾದರೆ ಮತ್ತೆ ಅದ್ದು.
ಬೆರಳ ತುದಿಯಿಂದ ರೆಪ್ಪೆಯಂಚಿಗೆ ಮೆಲ್ಲಗೆ ತೀಡು,
ಚಿಕ್ಕಂದಿನಲ್ಲಿ ಅಕ್ಕ ನನ್ನ ಹುಬ್ಬು ತೀಡುತ್ತಿದ್ದಷ್ಟೇ ಮೆಲ್ಲಗೆ.
ಫ್ಯಾನು ಗೋಡೆಯ ಕಡೆ ತಿರುಗಿದೆ.
ಕಂಪ್ಯೂಟರಿನಂಚಿಗೆ ಚೀಟಿ ಅಂಟಿಸಿದ್ದೇನೆ, ಕನ್ನಡದಲ್ಲಿ:
ಎವೆಯಿಕ್ಕು.
ಒಂದು ಮಿಲಿಗ್ರಾಂ ತಪ್ಪದಂತೆ ಎವೆಯಿಕ್ಕದೆ ಓದುವುದೇ ನನ್ನ ಕಸುಬು,
ಚೀಟಿಗೇನು ಗೊತ್ತು.

ಮೂರನೇ ಕಪಾಟಿನಿಂದ ನಾನೇ ನನಗೆ ಮಾರಿಕೊಂಡೆ
ಸಂರಕ್ಷಕ ಬೆರೆಸದ ಹನಿಗಳ ಡಬ್ಬಿ.
ಮೇಲೆ ಬರೆದಿದೆ, ಕೃತಕ ಕಣ್ಣೀರು.
ತಲೆ ಹಿಂದಕ್ಕೆ ಚೆಲ್ಲಿ ಎಡಗಣ್ಣಿಗೊಂದು ಬಿಟ್ಟೆ.
ಕೆನ್ನೆಗಿಳಿದು ತುಟಿಗೆ ಬಂತು,
ಸ್ವಲ್ಪ ಉಪ್ಪು.

ಬಾಗಿಲ ಗಂಟೆ ಸದ್ದಾಯಿತು. ಟೆರ್ರಿ.
ಈ ಸಲ ಕೇಳಿದರೆ ಹೇಳಿಬಿಡುತ್ತೇನೆ:
ಅಕ್ಕ.