ನೂಲಿನ ಅಳತೆ

ಪಂಪಿನಿಂದ ರ‍್ಯಾಕಿಗೆ ಎಷ್ಟುದ್ದ?
ಅಳತೆಪಟ್ಟಿ ಬಾಗುವುದಿಲ್ಲ, ಎಂದ ವೈಕ್ಕೊ.
ಅರ್ಧ ಹೆಣೆದ ಕಾಲ್ಚೀಲದಿಂದ
ರೈಲಿ ಕೆಂಪು ನೂಲು ಬಿಚ್ಚಿ ಕೊಟ್ಟಳು:
ಎಕ್ಸಾಸ್ಟಿಗೆ ನಾಲ್ಕು ಬೆರಳು ದೂರ,
ಸ್ಟೀರಿಂಗ್ ದಂಡ ಬಳಸಿ, ಕೆಳಗೆ.
ಇನ್ನು ಈ ಚಳಿಗೆ ಒಂದು ಚೀಲ ಗಿಡ್ಡ.

ಹೊರಗೆ ಕೆಮಿಯ ಕಡಲು ಹೆಪ್ಪುಗಟ್ಟಿದೆ,
ಅದರ ಮೇಲೆ ಯಾರದೋ ಟ್ರಾಕ್ಟರು.

ಅಂಟುಪಟ್ಟಿ ಸುತ್ತಿ ಕೊಯ್ದರೂ
ಹೋಸಿನ ಉಕ್ಕಿನ ಹೆಣಿಗೆ ಕೆದರಿ
ಎಳೆಯೊಂದು ಹೆಬ್ಬೆರಳಿಗೆ ಹೊಕ್ಕಿತು.
ಅವನು ಬೈಗುಳ ತೆಗೆದ,
ಅವಳು ಮುಳ್ಳು ತೆಗೆದಳು.

ಆಯಿಲಿನವು ಎರಡು, ಸ್ಟೀರಿಂಗಿನವು ಎರಡು.
ಎಂಜಿನ್ ಕೆಮ್ಮಿ ಎದ್ದಿತು.
ಇಬ್ಬರೂ ಜಗ್ಗಿದರೂ ಒಲ್ಲೆನೆನ್ನುತ್ತಿದ್ದ ಹಳೆ ವೋಲ್ವೊ
ಅವಳ ಕಿರುಬೆರಳಿಗೇ ಹೊರಳಿತು.

ಬೆಳಿಗ್ಗೆ, ಕೆಳಗೆ ಹಾಸಿದ ರಟ್ಟಿನ ಮೇಲೆ
ಒಂದು ಕಂದು ತೊಟ್ಟು.
ಯಾವ ನಟ್ಟಿನದು?
ಮಂಡಿಯೂರಿ ಮೂಸಿದ ವೈಕ್ಕೊ.

ಕಾಫಿ.