ಒಂದು ನಟ್ಟು ಹೆಚ್ಚಿಗೆ

ಅರಳಿ ಸೀಜನ್ ಮುಗದಿತ್ತು. ಬೆಟಗೇರಿ ಹಾದಿಯ ಜಿನ್ನಿನೊಳಗ
ಪ್ರೆಸ್ಸು ಒಂದ ನಿಂತಿತ್ತು, ಮೈಮ್ಯಾಲೆ ಹತ್ತಿ ಎಳಿ ಹೊತಗೊಂಡು.
ಮಾಬುಸಾಬ ನದಾಫ ಪಾನಾ ಮುಟ್ಟಲಿಲ್ಲ.
ಮೊದಲ ಮೇನ್ ಸ್ವಿಚ್ ಇಳಿಸಿ, ಫ್ಯೂಜ್ ಕಿತ್ತು
ಅಂಗಿ ಕಿಸೆದಾಗ ಇಟ್ಕೊಂಡ.
"ನಮ್ಮ ಮೂರೂ ಮಂದಿ ಜೀವ. ಇಲ್ಲೇ ಇರಲಿ."

ಆಮ್ಯಾಲೆ ಒಂದು ತಾಸು ಬರೇ ನೋಡಿದ.
ಫಕ್ಕೀರೇಶ ಎರಡು ಸಲ ಚಾ ತಂದ.
ನನ್ನ ಕೈಯಾಗ ಒಂದು ನೋಟಬುಕ್ಕು ಇಟ್ಟು, "ಬರಿ" ಅಂದ.
"ಏನ್ ಬರೀಲಿ ಮಾಮಾ?"
"ಕಂಡದ್ದು ಬರಿ. ತಿಳದದ್ದು ಬ್ಯಾಡ."

ಐಟಿಐದಾಗ ಎರಡು ವರ್ಷ ಕಲತಿದ್ದೆ. ಅಂವನ ಮಾತು ಅಲ್ಲಿರಲಿಲ್ಲ:
ಹಲ್ಲಿಗೆ ಹಲ್ಲು ಕೂಡೂ ಕಡೆ ಪಂಚಿನಿಂದ ಚುಕ್ಕಿ ಹೊಡಿ,
ಹೊಳ್ಳಿ ಬರೂಮುಂದ ಚುಕ್ಕಿ ಚುಕ್ಕೀನ ಗುರುತು ಹಿಡಿಲಿ.
ಬೋಲ್ಟು ತಗದ ಕೂಡ್ಲೆ ಅದರ ನಟ್ಟು ಅದರ ಕೊಳ್ಳಿಗೇ ತಿರುವು,
ಜೋಡಿ ಅಗಲಿಸಬಾರದು.
ಸುತ್ತಿಗಿ ಬೇಕಾತಂದ್ರ ಎಲ್ಲೋ ತಪ್ಪಿದಿ, ನಿಂದರು.
ತೂಗೂದರ ಬುಡಕ ಹೋಗಬ್ಯಾಡ,
ಚೈನು ಹೊಸಾದಿದ್ರೂ,
ಕಟ್ಟಿದಂವ ನಾನ ಇದ್ರೂ.

ನಮ್ಮವ್ವನ ಹರದ ಸೀರಿ ನೆಲಕ್ಕ ಹಾಸಿ
ದಡಿ ಗುಂಟ ಬಿಚ್ಚಿದ ಸರತಿಲೆ ಇಟಗೋತ ಹೋದ್ವಿ.
ಸೆರಗು ಮುಟ್ಟೂದರಾಗ ದೊಡ್ಡ ಗೇರು ಬಂತು.
ಅಂವರಪ್ಪ ಬಿಲ್ಲು ಹೊತ್ತು ಊರೂರು ಹತ್ತಿ ಹಿಂಜತಿದ್ದನಂತ.
ಬಿಲ್ಲಿಗೆ ಇರೂದು ಒಂದ ತಂತಿ.
"ಎಣಸೂದು ಏನಿತ್ತು ಅಂವಗ?" ಅಂದು ನಕ್ಕಿದ್ದ.

ಗೇರ್ ಪೆಟಿಗಿ ತೊಳದದ್ದು ನಾನು.
ತಳದಾಗ ಡಾಂಬರಿನಂಥಾ ರಾಡಿ, ಮೊಣಕೈತನಾ ಸೀಮೆಎಣ್ಣಿ;
ಕೈಗೆ ತೊಡರಿದ್ದೆಲ್ಲಾ ಬುಟ್ಟಿಗೆ ಹಾಕಿದೆ.

ಹನ್ನೊಂದನೆ ದಿನ ಜೋಡಿಸಿ ಮುಗದಿತ್ತು.
ಸೀರಿ ಝಾಡಿಸಿ ಮಡಚಿದೆ. ಬುಟ್ಟಿ ಡಬ್ಬ ಹಾಕಿದೆ.
ಠಣ್.
ಒಂದು ನಟ್ಟು.

ಫಕ್ಕೀರೇಶ ಅಂದ, "ಉಳದ್ರ ಚಲೋನ ಆತಲ್ಲ, ಕಡಿಮಿ ಬಿದ್ದಿಲ್ಲ."
ಸಾವ್ಕಾರ ಅಂದ, "ಸೋಮವಾರ ಟೆಸ್ಟಿಂಗ್ ಸಾಹೇಬ ಬರತಾನ.
ಇಷ್ಟು ದೊಡ್ಡದಕ್ಕ ಅಷ್ಟು ಸಣ್ಣದು ಯಾವ ಲೆಕ್ಕ?"
ಮಾಬುಸಾಬ ಕಿಸೆ ಮ್ಯಾಲಿಂದ ಫ್ಯೂಜ್ ಮುಟ್ಟಿ ನೋಡ್ಕೊಂಡ.
"ಬಿಚ್ಚು" ಅಂದ.

ಎರಡು ದಿನ ಬಿಚ್ಚಿದ್ವಿ.
ಒಂದು ಬೋಲ್ಟೂ ಬೋಳಿರಲಿಲ್ಲ.
ಮೂರನೆ ಸಂಜಿಗೆ ನೋಟಬುಕ್ಕು ತಗದು
ಎಣ್ಣಿ ಬಟ್ಟು ಮೂಡಿದ ಮೊದಲ ಪುಟ ಗಟ್ಟಿಯಾಗಿ ಓದಿದೆ:
"ಬಲಗಡೆ ಬೇರಿಂಗ್ ಟೊಪಗಿ. ನಟ್ಟು ಎಂಟು.
ಏಳಕ್ಕ ಕಂಪನಿ ನಕ್ಷತ್ರ ಐತಿ. ಒಂದಕ್ಕ ಇಲ್ಲ."
ಕೈಯಾಗಿನ ನಟ್ಟು ದುಪಟ್ಟಾಕ್ಕ ಉಜ್ಜಿದೆ.
ರಾಡಿ ಬಿಟ್ಟಂಗ ಬಿಟ್ಟಂಗ
ನಕ್ಷತ್ರ.

ಮಾಬುಸಾಬ ಗೇರಿನ ಮಗ್ಗಲಕ ಕುಂತುಬಿಟ್ಟ.
"ಇಪ್ಪತ್ತೆರಡು ವರ್ಷದ ಹಿಂದ ಈ ಪೆಟಿಗಿ ಮುಚ್ಚಿದಂವ ನಾನ.
ಒಂದು ಕಡಿಮಿ ಬಂತು. ಸ್ಟೇಷನ್ ರೋಡಿನಾಗ ಕೊಂಡು ತಂದು ಬಿಗದೆ.
ಉಸ್ತಾದಗ ಹೇಳಲಿಲ್ಲ.
ಪ್ರತಿ ಸೀಜನ್ನಿಗೂ ಇದು ತಿರಗೂಮುಂದ ಕಿವಿಗೊಟ್ಟು ನಿಂದರತಿದ್ದೆ,
ಇವತ್ತ ಹಲ್ಲಿಗೆ ಸಿಗತೈತಿ, ಇವತ್ತ ಸಿಗತೈತಿ ಅಂತ.
ಚುಕ್ಕಿ, ಎಣಿಕಿ, ಬರಿಯೂದು ಎಲ್ಲಾ
ಆಮ್ಯಾಲೆ ಕಲತದ್ದು ತಂಗಿ."

ಫಕ್ಕೀರೇಶ ನಗಲಿಲ್ಲ. ಸಾವ್ಕಾರಗ ನಾವ್ಯಾರೂ ಹೇಳಲಿಲ್ಲ.

ನಕ್ಷತ್ರದ್ದನ್ನ ಅದರ ಜಾಗಾಕ್ಕ ನಾನ ಕೂಡಿಸಿದೆ,
ಎದುರಾಬದುರಾ, ಸ್ವಲ್ಪ ಸ್ವಲ್ಪ, ಮೂರು ಸುತ್ತಿನಾಗ ಬಿಗಿ ಮಾಡಿ.
ಆ ಹೊರಗಿನದು, ಇಪ್ಪತ್ತೆರಡು ವರ್ಷ
ಒಂದು ದಿನಾ ಸಡಲದ ಭಾರ ಹಿಡದದ್ದು,
ಅದನ್ನ ಎಲ್ಲಿಡೂದು?
ನೋಟಬುಕ್ಕಿನಾಗ ಅದಕ್ಕೊಂದು ಸಾಲಿರಲಿಲ್ಲ.

ಮಾಬುಸಾಬ ಕಿಸೆದಾಗಿನ ಫ್ಯೂಜ್ ತಗದು ಫಕ್ಕೀರೇಶಗ ಕೊಟ್ಟ.
ಖಾಲಿ ಕಿಸೆಕ್ಕ ನಟ್ಟು ಇಳಿಸಿದ.
ಅಂಗಿ ಎಡಕ್ಕ ಒಂದೀಟು ಜಗ್ಗಿತು.
"ಹಿಂದಕ್ಕ ಸರೀರಿ" ಅಂದ,
"ಈಗ ಏರಿಸು."