ಕರಾರಿನಲ್ಲಿ ಇಬ್ಬರೇ

ಬೋಳಾರದ ಈ ಮಹಡಿ ಮನೆಯ ಬಾಡಿಗೆ ಕರಾರಿನಲ್ಲಿ
ಇರುವುದು ಇಬ್ಬರದ್ದೇ ಹೆಸರು:
ಯಜ್ಞೇಶ್ ಸಾಲ್ಯಾನ್, ನಿಶ್ಮಿತಾ.
ಮೂರನೆಯದು ಅವನ ಹೆಗಲ ಚೀಲದಲ್ಲಿ ಬಂತು,
ನಾಲ್ಕನೆಯದು ನನ್ನ ತವರು ಜೆಪ್ಪುವಿನಿಂದ
ರಿಕ್ಷಾದ ಹಿಂದೆ ಓಡಿಕೊಂಡು.

ಕೆಳಗಿನ ಸೆವ್ರಿನ್ ಬಾಯಿ ಎರಡು ದಿನ
ಕಂಡೂ ಕಾಣದ ಹಾಗಿದ್ದು, ಮೂರನೇ ದಿನ ಕೇಳಿದರು:
"ನಾಯಿ ನಿಮ್ಮದಾ, ರಸ್ತೆದಾ?"
"ರಸ್ತೆದು ಬಾಯಿ," ಅಂದೆ.
ಅಷ್ಟರಲ್ಲಿ ಬೊಳ್ಳು ನನ್ನ ಚಪ್ಪಲಿಗೆ ತಲೆಯಿಟ್ಟು
ಗೊರಕೆ ಹೊಡೆಯತೊಡಗಿತ್ತು.
ಅವತ್ತಿನಿಂದ ಅವರ ಮನೆಯ ಭಾನುವಾರದ ಎಲುಬು
ನಮ್ಮ ಮೂರನೇ ಮೆಟ್ಟಿಲ ಮೇಲಿರುತ್ತದೆ.
ಕರಾರನ್ನು ಯಾರೂ ತೆಗೆದು ಓದಿಲ್ಲ.

ಅವನಿಗೆ ರಾತ್ರಿ ಪಾಳಿ, ಬಂದರಿನ ಐಸ್ ಪ್ಲಾಂಟಿನಲ್ಲಿ.
ನನಗೆ ಬೆಳಿಗ್ಗೆ ಏಳಕ್ಕೆ ಲ್ಯಾಬು,
ಖಾಲಿ ಹೊಟ್ಟೆಯಲ್ಲಿ ಬಂದವರ ನರ ಹುಡುಕುವ ಕೆಲಸ.
ಅವನು ಬರುವುದು ಐದಕ್ಕೆ,
ನನ್ನ ಇಪ್ಪತ್ತೇಳನೇ ನಂಬರಿನ ಬಸ್ಸು ಆರೂಕಾಲಿಗೆ.
ನಡುವಿನ ಒಂದೂಕಾಲು ಗಂಟೆ ನಮ್ಮ ಸಂಸಾರ.
ಅದರಲ್ಲೇ ಚಹಾ, ಗ್ಯಾಸ್ ಬುಕ್ ಮಾಡಿದ್ದುಂಟಾ ಎಂಬ ವಿಚಾರಣೆ,
ಜಗಳವಿದ್ದರೆ ಅದೂ.
ಮುತ್ತಿಗೆ ಉಳಿಯುವುದು ಚಪ್ಪಲಿ ಹಾಕುವಷ್ಟು ಹೊತ್ತು.
ವಾರದ ಒಂದು ರಜೆ ಮೂಲ್ಕಿಯಲ್ಲಿ,
ಅತ್ತೆಯ ಮಂಡಿನೋವಿನ ಪಾಲಿಗೆ.

ಬೆಕ್ಕಿನ ಹೆಸರು ಬಂಗುಡೆ,
ಬೆನ್ನಿನ ಪಟ್ಟೆ ನೋಡಿ ಅವನಿಟ್ಟದ್ದು.
ಅವನ ಬೆರಳಿನ ಮೀನು ವಾಸನೆಗೆ ಪ್ರಾಣ ಬಿಡುತ್ತದೆ,
ನನ್ನ ಬೆರಳಿನ ಸ್ಪಿರಿಟ್ ಮೂಸಿ
ಸೋಮವಾರದ ಊಟ ಕಂಡ ಹಾಗೆ ಮುಖ ತಿರುಗಿಸುತ್ತದೆ.
(ಸೋಮವಾರ ನಮ್ಮಲ್ಲಿ ಮೀನಿಲ್ಲ.
ಅದಕ್ಕೆ ಹೇಗೆ ಗೊತ್ತಾಗುತ್ತದೋ,
ಭಾನುವಾರ ರಾತ್ರಿಯೇ ಸಿಟ್ಟು.)

ಮಾತು ಬಿಟ್ಟ ವಾರದಲ್ಲಿ
"ಬಂಗುಡೇ, ಅವರಿಗೆ ಹೇಳು, ಕೀ ಫ್ರಿಜ್ಜಿನ ಮೇಲುಂಟು."
"ಬೊಳ್ಳೂ, ಇವಳನ್ನು ಕೇಳು, ಉಪ್ಪಿಗೆ ಕ್ರಯ ಇಳಿದಿದೆಯಾ ಅಂತ."
ಆಚೆ ಈಚೆ ನೋಡಿ ನೋಡಿ
ನಾಯಿಗೆ ಕುತ್ತಿಗೆ ನೋವು ಬಂದಿರಬೇಕು.

ನಾನು ಹೊರಟ ಮೇಲೆ ನನ್ನ ಮಗ್ಗುಲಲ್ಲಿ ಬೆಕ್ಕು ಮಲಗುತ್ತದಂತೆ.
ಸಂಜೆ ದಿಂಬು ಕೊಡವಿದರೆ
ಅವನ ಕೂದಲು ಎರಡು, ಅದರದ್ದು ಇಪ್ಪತ್ತು.
ರಾತ್ರಿ ಅವನ ಮಗ್ಗುಲಲ್ಲಿ ನಾಯಿ.
ಹೀಗೆ ನಮ್ಮ ಮಂಚ ಕಾದ ದೋಸೆಕಲ್ಲು,
ಒಬ್ಬರ ಬಿಸಿ ಆರುವ ಮೊದಲೇ
ಇನ್ನೊಬ್ಬರು ಬಂದು ಬೀಳುತ್ತಾರೆ.

ಜೂನಿಗೆ ಬೋಟುಗಳು ದಕ್ಕೆಗೆ ಬಂದು ಸಾಲಾಗಿ ನಿಂತವು.
ಕಡಲಿಗೆ ಎರಡು ತಿಂಗಳು ರಜೆ.
ಮೀನಿಲ್ಲದ ಮೇಲೆ ಮಂಜುಗಡ್ಡೆ ಯಾರಿಗೆ?
ರಾತ್ರಿ ಒಂಬತ್ತೂವರೆಗೆ ಯಜ್ಞೇಶ
ಬನಿಯನ್ನು ಲುಂಗಿಯಲ್ಲಿ ಮಂಚದ ಹತ್ತಿರ ನಿಂತ,
ವಾರ್ಡು ತಪ್ಪಿ ಬಂದ ಸಂಬಂಧಿಕನ ಹಾಗೆ.
ಬೊಳ್ಳು ಎದ್ದು ಗುರ್ ಅಂದಿತು,
ಬೆಳಗಿನ ಐದಕ್ಕೆ ಬಾಲ ಮುರಿಯುವಷ್ಟು ಆಡಿಸುವ ಅದೇ ನಾಯಿ.
ಬಂಗುಡೆ ಅವನ ಬೆರಳು ಮೂಸಿ,
ನಂಬಲಾರದೆ ಮತ್ತೊಮ್ಮೆ ಮೂಸಿತು.

ಎಲ್ಲರಿಗೂ ಮೊದಲ ರಾತ್ರಿ ಒಂದು; ನಮಗೆ ಇದು ಎರಡನೆಯದು.
ಮದುವೆಯಾಗಿ ಐದು ತಿಂಗಳಾದರೂ
ನಾನು ಅಡ್ಡಡ್ಡ ಮಲಗುವವಳೆಂದು ಅವನಿಗೆ ಗೊತ್ತಿರಲಿಲ್ಲ.
ಅವನು ನಿದ್ದೆಯಲ್ಲಿ ಲೆಕ್ಕ ಹೇಳುವುದು ನನಗೆ:
"ನಲವತ್ತೆರಡು ಬ್ಲಾಕು... ನಲವತ್ತಮೂರು..."
ನೂರಾ ಹದಿನೆಂಟರವರೆಗೆ ಕೇಳಿಸಿಕೊಂಡೆ.

ನಾಯಿ ಹೋಗಿ ಬಾಗಿಲ ಹತ್ತಿರ ಕೂತಿತು,
ಐದಕ್ಕೆ ಬರಬೇಕಾದ ಇನ್ನೊಬ್ಬನಿಗಾಗಿ.
ಐದಾಯಿತು. ಯಾರೂ ಬರಲಿಲ್ಲ.
ಹೊರಗೆ ಹಾಲಿನವನ ಬೈಕು, ತಗಡಿನ ಮೇಲೆ ಮಳೆ.
ಬಾಗಿಲಿಗೂ ಮಂಚಕ್ಕೂ ನಾಲ್ಕು ಸಲ ಓಡಾಡಿ
ಅವನ ಅಂಗೈ ಮೂಸಿತು.
ಮೀನಿನದ್ದಿರಲಿಲ್ಲ, ನನ್ನ ತಲೆಯ ಎಣ್ಣೆಯದ್ದಿತ್ತು.
ಸ್ವಲ್ಪ ಯೋಚಿಸಿತು.
ಮತ್ತೆ ಹತ್ತಿ ಮಲಗಿತು, ಸರಿಯಾಗಿ ನಡುವೆ.

"ಸ್ವಲ್ಪ ಆಚೆ ಹೋಗು ಮಾರಾಯ," ಅಂದ ಕಣ್ಣು ಬಿಡದೆ.
ನಾಯಿ ಕದಲಲಿಲ್ಲ.
ನಾನು ಸರಿದೆ.